ರಾತ್ರಿ ಹೊತ್ತು ಗೇಟು ಎತ್ತೋರು ಯಾರು?

ಕಳೆದ ಸೆಪ್ಟೆಂಬರ್ ಮೊದಲ ವಾರ ನಾನು ಓದಿದ ಸರ್ಕಾರಿ ಪ್ರೌಢಶಾಲೆಯ ಹೆಡ್‌ಮೇಷ್ಟ್ರು ಫೋನ್ ಮಾಡಿದ್ದರು. ಹದಿನೈದನೇ ತಾರೀಕು ಎಂಜಿನಿಯರ್‌ಗಳ ದಿನ, ನಮ್ಮ ಶಾಲೆಯಲ್ಲಿ ಕಲಿತು ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಹುಡುಗಿ ನೀನೊಬ್ಬಳೇ, ಬಂದು ಮಕ್ಕಳಿಗೆ ಒಂದು ಹತ್ತು ನಿಮಿಷ ಮಾತಾಡಮ್ಮ ಎಂದರು. ನನಗೆ ಹೋಗುವ ಮನಸ್ಸಿರಲಿಲ್ಲ. ಬಿ.ಇ. ಮುಗಿದು ಒಂದೂವರೆ ವರ್ಷವಾಗಿತ್ತು. ಬೆಂಗಳೂರಿನ ಒಂದು ಕಂಪನಿಯಲ್ಲಿ ನಾಲ್ಕು ತಿಂಗಳು ಸೈಟ್ ನೋಡಿಕೊಂಡು, ಅರ್ಧ ಸಂಬಳ ಬಾಕಿ ಉಳಿಸಿಕೊಂಡು ಊರಿಗೆ ಮರಳಿದ್ದೆ. ಜೂನಿಯರ್ ಎಂಜಿನಿಯರ್ ಪರೀಕ್ಷೆಗೆ ಓದುತ್ತಿದ್ದೇನೆ ಎಂಬುದು ಮನೆಗೆ ಬಂದವರಿಗೆಲ್ಲ ಅಮ್ಮ ಹೇಳುವ ಉತ್ತರ. ಕೆಲಸವಿಲ್ಲದ ಎಂಜಿನಿಯರ್ ವೇದಿಕೆ ಹತ್ತಿ ಮಕ್ಕಳಿಗೆ ಎಂಜಿನಿಯರಿಂಗ್ ಓದಿ ಎಂದು ಯಾವ ಬಾಯಲ್ಲಿ ಹೇಳುವುದು?

ಮೇಷ್ಟ್ರ ಮಾತು ಮೀರಲಾಗದೆ ಒಪ್ಪಿಕೊಂಡೆ. ಬೀದಿ ದೀಪದ ಕಥೆ ಹೇಳಿಬಿಡು, ಸಾಕು ಎಂದು ಅವರೇ ದಾರಿಯನ್ನೂ ತೋರಿಸಿದ್ದರು.

ನಮ್ಮದು ಮಂಡ್ಯ ಜಿಲ್ಲೆ. ಇಲ್ಲಿ ಎಷ್ಟೋ ಮನೆಗಳ ನಡುಮನೆಯಲ್ಲಿ ದೇವರ ಪಟದ ಪಕ್ಕ ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ವಿಶ್ವೇಶ್ವರಯ್ಯನವರ ಪಟಗಳಿರುತ್ತವೆ. ನಾನು ಹೈಸ್ಕೂಲಿನಲ್ಲಿದ್ದಾಗ ಸೆಪ್ಟೆಂಬರ್ 15 ಎಂದರೆ ಫೋಟೊಗೆ ಹಾರ, ಪ್ರಬಂಧ ಸ್ಪರ್ಧೆ, ಬೂಂದಿ. ಭಾಷಣದಲ್ಲಿ ಪ್ರತಿವರ್ಷ ಅವೇ ಮೂರು ಕಥೆ: ಬೀದಿ ದೀಪದಡಿ ಓದಿದ್ದು, ಸರ್ಕಾರದ್ದೊಂದು ಸ್ವಂತದ್ದೊಂದು ಎಂದು ಎರಡು ಮೋಂಬತ್ತಿ ಇಟ್ಟುಕೊಂಡಿದ್ದು, ರೈಲಿನ ಸದ್ದು ಕೇಳಿಯೇ ಹಳಿ ತುಂಡಾಗಿದೆ ಎಂದು ಹೇಳಿದ್ದು. ನಿಜವೋ ಸುಳ್ಳೋ ಎಂಬ ಚರ್ಚೆ ನನಗೆ ಬೇಡ. ನನ್ನ ತಕರಾರು ಬೇರೆ. ಈ ಮೂರು ಕಥೆಗಳಲ್ಲಿ ಎಂಜಿನಿಯರಿಂಗ್ ಎಲ್ಲಿದೆ? ಅವುಗಳನ್ನು ಕೇಳಿದ ಮಗುವಿಗೆ ಒಳ್ಳೆಯವನಾಗಬೇಕು ಎಂದು ಅನ್ನಿಸಬಹುದು, ಎಂಜಿನಿಯರ್ ಆಗಬೇಕು ಎಂದೇಕೆ ಅನ್ನಿಸಬೇಕು?

ಕಾರ್ಯಕ್ರಮಕ್ಕೆ ವಾರವಿರುವಾಗ ಶಾಲೆಗೊಮ್ಮೆ ಹೋಗಿ ಒಂಬತ್ತನೇ ತರಗತಿಯಲ್ಲಿ ಕುಳಿತು ಅಣೆಕಟ್ಟೆಯ ಬಗ್ಗೆ ಏನೇನೋ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಅಕ್ಕ, ರಾತ್ರಿ ಹೊತ್ತು ಹೊಳೆ ಬಂದ್ರೆ ಗೇಟು ಎತ್ತೋರು ಯಾರು ಎಂದು ಕೇಳಿದಳು. ನಾನು ತಡವರಿಸಿದೆ. ಡ್ಯಾಮ್ ಗೇಟುಗಳ ವಿಧಗಳು ಎಂಬ ಪಾಠವನ್ನು ಐದು ಅಂಕಕ್ಕೆ ಬಾಯಿಪಾಠ ಮಾಡಿದ್ದವಳು ನಾನು. ಆ ಪ್ರಶ್ನೆಯನ್ನು ನೂರಿಪ್ಪತ್ತು ವರ್ಷಕ್ಕೂ ಹಿಂದೆ ವಿಶ್ವೇಶ್ವರಯ್ಯನವರೇ ಎದುರಿಸಿದ್ದರು ಎಂಬುದು ಮನೆಗೆ ಬಂದು ಪುಸ್ತಕ ತೆಗೆದಾಗ ನೆನಪಾಯಿತು. ಆಮೇಲೆ ಬೀದಿ ದೀಪವನ್ನು ಕೈಬಿಟ್ಟು ಅವರ ಬದುಕನ್ನೇ ಮೊದಲಿನಿಂದ ಓದಲು ಕುಳಿತೆ.

ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಕಡೆಯ ಊರು, ಪೂರ್ವಿಕರು ಅಲ್ಲಿಂದ ಬಂದವರು. ತಂದೆ ಶ್ರೀನಿವಾಸ ಶಾಸ್ತ್ರಿ ಮಗ ಇನ್ನೂ ಹುಡುಗನಾಗಿದ್ದಾಗಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿ ಬಂದ ಹಣ, ಇವುಗಳಲ್ಲೇ ಸೆಂಟ್ರಲ್ ಕಾಲೇಜಿನ ಬಿ.ಎ. ಮುಗಿಯಿತು. ಆಗ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. ಪರೀಕ್ಷೆಯಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ಸಿಕ್ಕಿತು. ಪರೀಕ್ಷೆಯ ಬೆನ್ನಿಗೇ ಕೆಲಸ! ಈ ಸಾಲು ಓದುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಕೆಲಸ ಸಿಕ್ಕಿದ ಮೇಲೆ ಎಲ್ಲ ಸಲೀಸಾಗಿರಲಿಲ್ಲ. ಆರಂಭದಲ್ಲೇ ಖಾಂದೇಶದಲ್ಲಿ ಒಂದು ಹೊಳೆಯನ್ನು ದಾಟಿಸಿ ಕೊಳವೆಯ ಸೈಫನ್ ಕಟ್ಟುವ ಹೊಣೆ ಬಿತ್ತು. ಮಳೆಗಾಲ ಕೆಲಸವನ್ನು ಕೆಡಿಸಿತು. ಈ ಹೊಸ ಹುಡುಗ ನೆಪ ಹೇಳುತ್ತಿದ್ದಾನೆ ಎಂಬ ಅನುಮಾನ ಮೇಲಧಿಕಾರಿಗೆ ಬಂತು. ಅದನ್ನು ನುಂಗಿಕೊಂಡು ಆ ಕೆಲಸ ಮುಗಿಸಿದರು.

ನನಗೆ ಹೆಚ್ಚು ಇಷ್ಟವಾದದ್ದು ಸಕ್ಕರ್‌ನ ಬಾವಿ. ಈಗ ಪಾಕಿಸ್ತಾನದಲ್ಲಿರುವ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ 1890ರ ದಶಕದ ಮಧ್ಯದಲ್ಲಿ ಅವರನ್ನು ಕುಡಿಯುವ ನೀರಿನ ಕೆಲಸಕ್ಕೆ ಕಳಿಸಿದರು. ಪಕ್ಕದಲ್ಲೇ ಸಿಂಧೂ ನದಿ, ಆದರೆ ನೀರೆಲ್ಲ ರಾಡಿ. ನೀರು ಸೋಸುವ ಮರಳಿನ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ನೀರು ಮರಳಿನ ಮೂಲಕ ಜಿನುಗಿ ಬಾವಿಗೆ ಬರುವಷ್ಟರಲ್ಲಿ ತಾನಾಗಿ ತಿಳಿಯಾಗುತ್ತದೆ. ಅದನ್ನು ಪಂಪಿನಿಂದ ಮೇಲೆತ್ತಿದರಾಯಿತು. ಬೇಸಿಗೆಯಲ್ಲಿ ಹೊಳೆಯ ಮರಳಲ್ಲಿ ಒರತೆ ತೋಡಿ ನೀರು ತರುತ್ತಿದ್ದುದನ್ನು ನಮ್ಮಜ್ಜಿ ಹೇಳುತ್ತಿದ್ದರು. ಅದೇ ಒರತೆ, ಆದರೆ ಇಡೀ ಪಟ್ಟಣಕ್ಕೆ. ಈ ಭಾಗ ಹೇಳಿದಾಗ ಮಕ್ಕಳು ತಟ್ಟನೆ ಹಿಡಿದುಕೊಂಡರು.

ಇನ್ನು ಗೇಟಿನ ವಿಷಯ.

ಪುಣೆಯ ಹತ್ತಿರ ಖಡಕ್‌ವಾಸ್ಲಾ ಎಂಬ ಜಲಾಶಯವಿದೆ. ಪುಣೆಗೆ ಕುಡಿಯುವ ನೀರು, ಕಾಲುವೆಗೆ ವ್ಯವಸಾಯದ ನೀರು ಎರಡೂ ಅಲ್ಲಿಂದಲೇ. ಬೇಡಿಕೆ ಹೆಚ್ಚುತ್ತಿತ್ತು, ನೀರು ಸಾಲುತ್ತಿರಲಿಲ್ಲ. ಆದರೆ ಪ್ರತಿ ಮಳೆಗಾಲದಲ್ಲೂ ಕೋಡಿಯ ಮೇಲೆ ಹಲವು ಅಡಿ ನೀರು ಹರಿದು ವ್ಯರ್ಥವಾಗುತ್ತಿತ್ತು. ಅಣೆಕಟ್ಟೆಯನ್ನೇ ಎತ್ತರಿಸಲು ಬಹಳ ಹಣ ಬೇಕು, ಹಳೆಯ ಕಟ್ಟೆ ಆ ಭಾರ ತಾಳಬೇಕು. ಇಲ್ಲಿ ವಿಶ್ವೇಶ್ವರಯ್ಯ ಯೋಚಿಸಿದ ರೀತಿಯನ್ನು ಎಂಜಿನಿಯರಿಂಗ್ ಓದುವ ಗೆಳೆಯರು ಗಮನಿಸಬೇಕು. ಪ್ರವಾಹದ ಹೊತ್ತಿನಲ್ಲಿ ಕೋಡಿಗಿಂತ ಅಷ್ಟು ಅಡಿ ಮೇಲಿನ ನೀರನ್ನು ಕಟ್ಟೆ ಹೇಗೂ ತಾಳಿಕೊಳ್ಳುತ್ತಿದೆ. ಹಾಗಾದರೆ ಅದೇ ಮಟ್ಟದಲ್ಲಿ ನೀರನ್ನು ಹಿಡಿದಿಟ್ಟರೆ ಕಟ್ಟೆಗೆ ಹೊಸ ಅಪಾಯವೇನಿಲ್ಲ. ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿದರೆ ಸಾಕು. ಒಂದೇ ಷರತ್ತು: ಹೊಸ ಪ್ರವಾಹ ಬಂದ ಕ್ಷಣವೇ ಗೇಟು ತೆರೆಯಬೇಕು. ಕಾವಲಿನವನು ಮಲಗಿದ್ದರೆ, ಮಳೆಯಲ್ಲಿ ದಾರಿ ಕಡಿದಿದ್ದರೆ, ಕತ್ತಲಾಗಿದ್ದರೆ ಕಟ್ಟೆಗೇ ಕುತ್ತು.

ಅಂದರೆ ನಮ್ಮ ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆ.

ಗೇಟು ಎತ್ತುವ ಕೆಲಸವನ್ನು ಅವರು ನೀರಿಗೇ ವಹಿಸಿದರು. ಗೇಟುಗಳ ಭಾರಕ್ಕೆ ಪ್ರತಿಭಾರ ಕಟ್ಟಿ ತೂಗಿಬಿಟ್ಟರೆ ಅವು ತಕ್ಕಡಿಯ ಹಾಗೆ ಸಮತೋಲದಲ್ಲಿರುತ್ತವೆ. ಜಲಾಶಯ ತುಂಬಿ ನಿಗದಿತ ಮಟ್ಟ ಮೀರಿದಾಗ ನೀರು ಪಕ್ಕದ ಗುಂಡಿಗೆ ನುಗ್ಗುತ್ತದೆ, ಅಲ್ಲಿ ತೇಲು ಮೇಲೇರುತ್ತದೆ, ಸಮತೋಲ ತಪ್ಪಿ ಗೇಟುಗಳು ಸರಿದು ಹೆಚ್ಚುವರಿ ನೀರಿಗೆ ದಾರಿ ಬಿಡುತ್ತವೆ. ಮಟ್ಟ ಇಳಿದರೆ ಗುಂಡಿ ಬರಿದಾಗಿ ಗೇಟು ಮತ್ತೆ ಮುಚ್ಚಿಕೊಳ್ಳುತ್ತದೆ. ಕರೆಂಟು ಬೇಡ, ಕಾವಲಿನವನು ಬೇಡ. ಖಡಕ್‌ವಾಸ್ಲಾದಲ್ಲಿ ನೀರಿನ ಮಟ್ಟವನ್ನು ಹೀಗೆ ಸುಮಾರು 8 ಅಡಿ ಏರಿಸಿದರು. 1903ರ ಹೊತ್ತಿಗೆ ಈ ವಿನ್ಯಾಸಕ್ಕೆ ಪೇಟೆಂಟ್ ಕೂಡ ಪಡೆದಿದ್ದರು. ಇಂಥ ಗೇಟುಗಳೇ ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಗೂ ನಮ್ಮ ಕನ್ನಂಬಾಡಿ ಕಟ್ಟೆಗೂ ಬಂದವು.

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ ಎಂದು ಗೊತ್ತಿತ್ತು. ಹೆಡ್‌ಮೇಷ್ಟ್ರನ್ನು ಕೇಳಿ ನಾಲ್ಕು ಸಂಜೆ ಶಾಲೆಯ ಜಗಲಿಯಲ್ಲಿ ಏಳು ಮಕ್ಕಳ ಜೊತೆ ಕುಳಿತೆ. ಒಂದು ಹಳೆಯ ಪ್ಲಾಸ್ಟಿಕ್ ಟಬ್ಬು, ಅದರ ಒಂದು ಬದಿಗೆ ಕೊರೆದ ಕಿಂಡಿ, ಕಿಂಡಿಯಲ್ಲಿ ಮೇಲೆ ಕೆಳಗೆ ಜಾರುವ ತಗಡಿನ ಗೇಟು. ಗೇಟಿಗೆ ಕಟ್ಟಿದ ದಾರ ಎರಡು ರಾಟೆಗಳ ಮೇಲೆ ಹಾದು ಪಕ್ಕದ ಬಕೆಟ್ಟಿನೊಳಗೆ ಇಳಿಯುತ್ತದೆ. ಅಲ್ಲಿ ಅದರ ತುದಿಗೆ ಸ್ವಲ್ಪ ಮರಳು ತುಂಬಿದ ನೀರಿನ ಬಾಟಲಿ. ಬಾಟಲಿಯ ಭಾರ ಗೇಟನ್ನು ಮೇಲೆ ಎಳೆದು ಹಿಡಿದಿರುತ್ತದೆ. ಟಬ್ಬು ತುಂಬಿ ಕೊಳವೆಯಿಂದ ಬಕೆಟ್ಟಿಗೆ ನೀರು ಬಂದರೆ ಬಾಟಲಿ ತೇಲುತ್ತದೆ, ದಾರ ಸಡಿಲವಾಗುತ್ತದೆ, ಗೇಟು ಕೆಳಗೆ ಜಾರಿ ನೀರು ಅದರ ಮೇಲಿಂದ ಹೊರಗೆ ಬೀಳುತ್ತದೆ. ಬಕೆಟ್ಟಿನ ತಳದಲ್ಲಿ ಸೂಜಿಯಷ್ಟು ತೂತು, ನಿಧಾನವಾಗಿ ಬರಿದಾಗಲಿ ಎಂದು. ಕಾಗದದ ಮೇಲೆ ಎಲ್ಲ ಸರಿ. ಮೊದಲ ಸಂಜೆ ಗೇಟು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ನೀರಿನ ಒತ್ತಡ ತಗಡನ್ನು ಗಾಡಿಗೆ ಅದುಮಿ ಹಿಡಿದಿತ್ತು. ಘರ್ಷಣೆ ಎಂಬ ಪದವನ್ನು ಎಷ್ಟು ವರ್ಷ ಬರೆದಿದ್ದೇನೋ, ಅದು ಹೀಗೆ ಎದುರಿಗೆ ನಿಂತು ನನ್ನನ್ನು ಅಣಕಿಸಿದ್ದು ಅದೇ ಮೊದಲು. ಎಣ್ಣೆ ಹಚ್ಚಿದೆವು, ಮೇಣ ಹಚ್ಚಿದೆವು. ಕೊನೆಗೆ ಕೆಲಸ ಮಾಡಿದ್ದು ಮೈಸೂರು ಸ್ಯಾಂಡಲ್ ಸೋಪು. ಆ ಸೋಪಿನ ಕಾರ್ಖಾನೆಯೂ ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲದ್ದು ಎಂದು ಹೇಳಿದರೆ ಮಕ್ಕಳು ನಂಬಲಿಲ್ಲ.

ಪುಣೆಯ ದಿನಗಳ ಇನ್ನೊಂದು ಕೆಲಸ ನನ್ನಪ್ಪನಿಗೆ ಸಂಬಂಧಿಸಿದ್ದು. ದಖ್ಖನ್ ಕಾಲುವೆಗಳಲ್ಲಿ ಮೇಲುಭಾಗದ ಕೆಲವರೇ ಕಬ್ಬಿಗೆ ಮನಸ್ಸು ಬಂದಷ್ಟು ನೀರು ಹರಿಸಿಕೊಳ್ಳುತ್ತಿದ್ದರು. 1899ರ ಸುಮಾರಿಗೆ ಅವರು ಬ್ಲಾಕ್ ಪದ್ಧತಿ ತಂದರು. ಜಮೀನನ್ನು ತುಂಡುಗಳಾಗಿ ವಿಂಗಡಿಸಿ ಒಂದು ಪಾಲಿಗೆ ಕಬ್ಬು, ಒಂದು ಪಾಲಿಗೆ ಭತ್ತ, ಒಂದು ಪಾಲಿಗೆ ಕಡಿಮೆ ನೀರಿನ ಬೆಳೆ ಎಂದು ಸರದಿ ಮಾಡಿ, ಅದರಂತೆ ನೀರು ಬಿಡುವುದು. ಅದೇ ನೀರು ಹೆಚ್ಚು ಹಳ್ಳಿಗಳಿಗೆ ತಲುಪಬೇಕು ಎಂಬುದು ಉದ್ದೇಶ. ನಮ್ಮ ಎರಡು ಎಕರೆ ವಿ.ಸಿ. ನಾಲೆಯ ಕೊನೇ ಭಾಗದಲ್ಲಿದೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟ ವರ್ಷವೂ ನಮ್ಮ ಸರದಿ ಬರುವಷ್ಟರಲ್ಲಿ ನೀರು ಮುಗಿದಿರುತ್ತದೆ. ನೀರುಗಂಟಿಯಾಗಿದ್ದ ನನ್ನ ತಾತ ಮೇಲಿನ ಊರಿನವರ ಜೊತೆ ತೂಬಿನ ಹತ್ತಿರ ಜಗಳ ಮಾಡಿಕೊಂಡು ಮನೆಗೆ ಬರುತ್ತಿದ್ದ ಕಥೆಗಳನ್ನು ಕೇಳಿ ಬೆಳೆದವಳು ನಾನು. ನೀರು ಹಂಚುವುದು ನೀರು ಹಿಡಿಯುವುದಕ್ಕಿಂತ ಕಷ್ಟ ಎಂದು ಆ ಪುಟಗಳನ್ನು ಓದಿ ಹೇಳಿದಾಗ ಅಪ್ಪ, ಇದಕ್ಕೆ ಪುಸ್ತಕ ಓದಬೇಕಾಗಿತ್ತಾ ಎಂದು ನಕ್ಕರು.

1906ರಲ್ಲಿ ಏಡನ್‌ಗೆ ಹೋಗಿ ಅಲ್ಲಿಯ ನೀರು ಮತ್ತು ಚರಂಡಿ ವ್ಯವಸ್ಥೆಗೆ ಯೋಜನೆ ಕೊಟ್ಟರು. ಆಮೇಲೆ ಎರಡೇ ವರ್ಷಕ್ಕೆ ಮುಂಬಯಿ ಸರ್ಕಾರದ ಕೆಲಸ ಬಿಟ್ಟರು. ಹೆಸರಿತ್ತು, ಹಲವು ಹಿರಿಯರನ್ನು ದಾಟಿ ಬಡ್ತಿಯೂ ಸಿಕ್ಕಿತ್ತು. ಆದರೆ ಚೀಫ್ ಎಂಜಿನಿಯರ್ ಕುರ್ಚಿ ಆಗ ಬಿಳಿಯರಿಗೇ ಮೀಸಲಾಗಿದ್ದಂತಿತ್ತು. ಅಲ್ಲೇ ಕುಳಿತು ಕೊರಗುವ ಬದಲು ಎದ್ದು ಯುರೋಪ್ ಪ್ರವಾಸ ಹೊರಟರು. ಆಗ ವಯಸ್ಸು ನಲವತ್ತೇಳರ ಆಸುಪಾಸು, ಕೈಯಲ್ಲಿ ಕೆಲಸವಿಲ್ಲ. ಅವರ ಬದುಕಿನ ಈ ತಿಂಗಳುಗಳನ್ನು ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ನಾನು ಮಾತ್ರ ಆ ಪುಟವನ್ನು ಎರಡು ಸಲ ಓದಿದೆ.

ಆ ಹೊತ್ತಿಗೇ, 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಇವರನ್ನು ಕರೆಸಿಕೊಂಡಿತು. ನಗರದೊಳಗೆ ಗೋಡೆ ಎತ್ತರಿಸಿದರೆ ಸಾಲದು, ನೀರನ್ನು ನಗರಕ್ಕೆ ಬರುವ ಮೊದಲೇ ತಡೆದು ನಿಲ್ಲಿಸಿ ನಿಧಾನವಾಗಿ ಬಿಡಬೇಕು ಎಂಬುದು ಅವರ ಸಲಹೆಯ ತಿರುಳು. ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಮುಂದೆ ಕಟ್ಟಿದ್ದು ಹೀಗೆ.

1909ರ ನವೆಂಬರ್‌ನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್. 1911ರಲ್ಲಿ ಕನ್ನಂಬಾಡಿಯಲ್ಲಿ ಕೆಲಸ ಶುರು. ಇಷ್ಟೊಂದು ಹಣ ಯಾಕೆ ಎಂಬ ವಿರೋಧ ಸಂಸ್ಥಾನದೊಳಗೇ ಇತ್ತು. ಮದ್ರಾಸ್ ಸರ್ಕಾರದ ತಕರಾರು ಬೇರೆ. ಸಿಮೆಂಟ್ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲೇ ಕಟ್ಟೆ ಎದ್ದಿತು. ಉದ್ದ ಸುಮಾರು 8,600 ಅಡಿ, ಎತ್ತರ 130 ಅಡಿ. ಮಂಡ್ಯದವರಿಗೆ ಇದಕ್ಕಿಂತ 124.80 ಅಡಿ ಎಂಬ ಅಂಕಿಯೇ ಮುಖ್ಯ. ಮಳೆಗಾಲದಲ್ಲಿ ನಾವು ಬೆಳಿಗ್ಗೆ ಪೇಪರಿನಲ್ಲಿ ಮೊದಲು ಹುಡುಕುವುದು ಅದನ್ನೇ. ಕಟ್ಟೆ ಮುಗಿಯುವ ಹೊತ್ತಿಗೆ 1930ರ ದಶಕ ಬಂದಿತ್ತು, ವಿಶ್ವೇಶ್ವರಯ್ಯ ಹುದ್ದೆ ಬಿಟ್ಟು ಹನ್ನೆರಡು ವರ್ಷ ಕಳೆದಿತ್ತು. ಹಣ ಹೊಂದಿಸಿ ಬೆನ್ನಿಗೆ ನಿಂತವರು ಮಹಾರಾಜರು, ಮುಂದುವರಿಸಿದವರು ಬೇರೆ ಎಂಜಿನಿಯರ್‌ಗಳು, ಕಲ್ಲು ಹೊತ್ತವರು ಹೆಸರಿಲ್ಲದವರು, ಮುಳುಗಿದ್ದು ಕನ್ನಂಬಾಡಿ ಮತ್ತು ಸುತ್ತಲಿನ ಊರುಗಳು. ಕಟ್ಟಿಸಿದ್ದು ರಾಜರೋ ವಿಶ್ವೇಶ್ವರಯ್ಯನವರೋ ಎಂದು ನಮ್ಮ ಟೀ ಅಂಗಡಿಗಳಲ್ಲಿ ಇವತ್ತಿಗೂ ಜಗಳ ನಡೆಯುತ್ತದೆ. ಡ್ಯಾಮ್ ಒಬ್ಬರಿಂದ ಆಗುವ ಕೆಲಸವಲ್ಲ ಎಂಬುದು ಸೈಟಿನಲ್ಲಿ ನಾಲ್ಕು ತಿಂಗಳು ನಿಂತವರಿಗೂ ಗೊತ್ತಾಗುತ್ತದೆ.

1912ರಿಂದ 1918ರವರೆಗೆ ದಿವಾನರು. ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾಲಯ, ಕನ್ನಡ ಸಾಹಿತ್ಯ ಪರಿಷತ್ತು ಎಲ್ಲ ಈ ಆರು ವರ್ಷಗಳಲ್ಲೇ ಬಂದವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಆ ಪಟ್ಟಿ ಬಾಯಿಗೆ ಬರುತ್ತದೆ, ಇಲ್ಲಿ ಬರೆಯುವುದಿಲ್ಲ. ಎರಡನ್ನು ಮಾತ್ರ ಹೇಳಬೇಕು. 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನು ಬಂತು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಹುಡುಗನಾಗಿದ್ದಾಗ ತಾನು ಪುಣೆಗೆ ಹೋಗಬೇಕಾಗಿದ್ದುದನ್ನು ಅವರು ಮರೆತಿರಲಿಕ್ಕಿಲ್ಲ.

ಆದರೆ 1918ರಲ್ಲಿ ಅವರು ದಿವಾನಗಿರಿ ಬಿಟ್ಟ ಕಾರಣವನ್ನೂ ಹೇಳಬೇಕಲ್ಲ. ಸರ್ಕಾರಿ ಕೆಲಸಗಳಲ್ಲಿ ಒಂದೇ ಸಮುದಾಯ ತುಂಬಿಕೊಂಡಿದೆ, ನಮಗೂ ಪಾಲು ಬೇಕು ಎಂದು ಹಿಂದುಳಿದವರು ಕೇಳುತ್ತಿದ್ದರು. ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಹುದ್ದೆಗೆ ಅರ್ಹತೆಯೊಂದೇ ಅಳತೆಯಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಒಮ್ಮತವಾಗಲಿಲ್ಲ, ರಾಜೀನಾಮೆ ಕೊಟ್ಟರು. ನಾನು ಮೀಸಲಾತಿಯ ಸೀಟಿನಲ್ಲಿ ಬಿ.ಇ. ಓದಿದವಳು. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದ ಮೊದಲಿಗಳು. ಈ ವಿಷಯದಲ್ಲಿ ಅವರು ಹೇಳಿದ್ದು ನನಗೆ ಸರಿ ಕಾಣುವುದಿಲ್ಲ. ನಾಲೆಯ ಮೇಲುಭಾಗದವರಷ್ಟೇ ನೀರು ಹಿಡಿದುಕೊಂಡಾಗ ಸರದಿ ಮಾಡಿ ಕೊನೇ ಭಾಗಕ್ಕೂ ತಲುಪಿಸಬೇಕು ಎಂದು ಹೊರಟವರು, ಕಚೇರಿಯ ವಿಷಯಕ್ಕೆ ಬಂದಾಗ ಅದನ್ನೇ ಯಾಕೆ ನೋಡಲಿಲ್ಲ? ಈ ಪ್ರಶ್ನೆಯನ್ನು ಹೈಸ್ಕೂಲಿನ ವೇದಿಕೆಯಲ್ಲಿ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಿದೆ. ಹೆಡ್‌ಮೇಷ್ಟ್ರು ಕತ್ತು ಬಗ್ಗಿಸಿ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ.

ದಿವಾನಗಿರಿ ಬಿಟ್ಟ ಮೇಲೂ ನಲವತ್ಮೂರು ವರ್ಷ ಬದುಕಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮುಗ್ಗರಿಸುತ್ತಿದ್ದಾಗ ಅದರ ಮಂಡಳಿಯ ಅಧ್ಯಕ್ಷರಾಗಿ ವರ್ಷಗಟ್ಟಲೆ ದುಡಿದರು. ಆ ದುಡಿಮೆಗೆ ತಮಗೆ ಬರಬೇಕಿದ್ದ ಸಂಭಾವನೆಯನ್ನು ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಬಳಸಿ ಎಂದರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ. ಅದಕ್ಕೆ ಮಹಾರಾಜರ ಹೆಸರಿದೆ, ಇವರದಿಲ್ಲ. 1955ರಲ್ಲಿ ಭಾರತರತ್ನ. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಹದಿನೈದನೇ ತಾರೀಕು ಬಂತು. ಹಾರ, ಸ್ವಾಗತಗೀತೆ ಎಲ್ಲ ಮುಗಿದು ಟಬ್ಬನ್ನು ವೇದಿಕೆಯ ಮೇಲೆ ಇಟ್ಟೆವು. ಮಕ್ಕಳು ಬಿಂದಿಗೆಯಿಂದ ನೀರು ಸುರಿಯತೊಡಗಿದರು. ಟಬ್ಬು ತುಂಬಿತು, ಬಕೆಟ್ಟಿಗೆ ನೀರಿಳಿಯಿತು, ಬಾಟಲಿ ತೇಲಿತು, ಗೇಟು ಮಾತ್ರ ಕದಲಲಿಲ್ಲ. ಹತ್ತನೇ ತರಗತಿಯ ಹುಡುಗರು ನಗಲು ಶುರು ಮಾಡಿದರು. ನನ್ನ ಕಿವಿ ಬಿಸಿಯಾಯಿತು. ಹಿಂದಿನ ಬೆಂಚಿನ ಹುಡುಗಿ ಯಾರನ್ನೂ ಕೇಳದೆ ಲಂಗದ ಜೇಬಿನಿಂದ ಸೋಪಿನ ಚೂರು ತೆಗೆದು, ಒದ್ದೆ ಗಾಡಿಗೆ ಎರಡೂ ಕಡೆ ಉಜ್ಜಿ, ತಗಡನ್ನು ಬೆರಳಿನಿಂದ ಒಮ್ಮೆ ತಟ್ಟಿದಳು. ಗೇಟು ಸರ್ರನೆ ಜಾರಿತು. ನೀರು ಧೋ ಎಂದು ವೇದಿಕೆಯ ಮೇಲೆ, ರಂಗೋಲಿಯ ಮೇಲೆ, ಮುಖ್ಯ ಅತಿಥಿಗಳ ಬೂಟಿನ ಮೇಲೆ ಹರಿಯಿತು. ಸುರಿಯುವುದನ್ನು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಬಕೆಟ್ಟು ಬರಿದಾಗಿ ಗೇಟು ತಾನಾಗಿ ಮೇಲೆ ಹೋಗಿ ನಿಂತಿತು. ಆಗ ಬಂದ ಗಲಾಟೆಯಲ್ಲಿ ನನ್ನ ಹತ್ತು ನಿಮಿಷದ ಭಾಷಣ ಯಾರಿಗೂ ನೆನಪಿರಲಿಕ್ಕಿಲ್ಲ.

ಟಬ್ಬು ಈಗಲೂ ಶಾಲೆಯ ಜಗಲಿಯಲ್ಲೇ ಇದೆ. ಮೊನ್ನೆ ಆ ಹುಡುಗಿ ಮೇಷ್ಟ್ರ ಫೋನಿನಿಂದ ಕರೆ ಮಾಡಿದ್ದಳು. ಗೇಟು ಇಳಿಯುತ್ತೆ, ಮತ್ತೆ ಮೇಲೆ ಏಳಲ್ಲ ಅಕ್ಕ ಎಂದಳು. ಬಕೆಟ್ಟಿನ ತೂತಿಗೆ ಪಾಚಿ ಕಟ್ಟಿರಬೇಕು, ಕಡ್ಡಿ ಹಾಕಿ ನೋಡು ಎಂದೆ. ಹಾಕಿದ್ದಾಳಂತೆ, ಅದಲ್ಲವಂತೆ. ಭಾನುವಾರ ನನಗೆ ಪರೀಕ್ಷೆ ಇದೆ. ಶನಿವಾರ ಮಧ್ಯಾಹ್ನ ಒಂದು ಗಂಟೆ ಹೋಗಿ ನೋಡಿಕೊಂಡು ಬರುತ್ತೇನೆ.